ಬಾಪ್ಪುವಿನ ಸೈಕಲ್ಲಿಗೆ ಕ್ಯಾರಿಯರ್

ನನ್ನ ಗಂಡನ ಚಿಕ್ಕಪ್ಪ, ನಾವೆಲ್ಲ ಬಾಪ್ಪು ಎಂದು ಕರೆಯುವವರು, ಬೈಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿದ ಒಂದು ಮುಡಿ ಅಕ್ಕಿಗೆ ಸೀರೆ ಉಡಿಸಿ ಊರಿಡೀ ಸುತ್ತಾಡಿಸಿದ್ದಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಸೀರೆ ನನ್ನದು!

ಎಂಬತ್ತರ ದಶಕದ ಕೊನೆಯಲ್ಲಿ ಬಹರೈನಿನ ಅಡುಗೆ ಕೆಲಸ ಬಿಟ್ಟು ಕಾರ್ಕಳದ ಹತ್ತಿರದ ನಮ್ಮೂರಿಗೆ ಬಂದಾಗ, ಅವರು ಬೇರೆಯವರ ಹಾಗೆ ಟೇಪ್ ರೆಕಾರ್ಡರ್ ತರಲಿಲ್ಲ. ಗುಡ್ಡ ಹತ್ತುವ ಗೇರ್ ಸೈಕಲ್ ತಂದರು! ದಪ್ಪ ಟಯರು, ಹದಿನೆಂಟು ಗೇರು. ಕ್ಯಾರಿಯರ್ ಮಾತ್ರ ಇಲ್ಲ.

ಅವರ ಹೆಂಡತಿ, ನಮ್ಮ ಮಾವ್ಶಿಗೆ, ಮೊಣಕಾಲು ನೋವು. ನಮ್ಮ ಓಣಿಗೆ ರಿಕ್ಷಾ ಬಾರದು. ಐದು ತಿಂಗಳಿಂದ ಗುಡ್ಡದ ಮೇಲಿನ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಲಾಗದೆ, ಪೂಜೆಯ ಗಂಟೆ ಕೇಳಿದಾಗಲೆಲ್ಲ ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಗರಿಗಳ ಭಾನುವಾರಕ್ಕೆ ನಿನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತೇನೆ," ಎಂದು ಬಾಪ್ಪು ಮಾತು ಕೊಟ್ಟರು. ಈಸ್ಟರಿನ ಹಿಂದಿನ ಭಾನುವಾರ, ಎಲ್ಲರೂ ತೆಂಗಿನ ಗರಿ ಹಿಡಿದು ಪೂಜೆಗೆ ಹೋಗುವ ದಿನ ಅದು.

ಪೇಟೆಯಲ್ಲಿ ಸಿಕ್ಕಿದ ಕ್ಯಾರಿಯರ್ ದೊಡ್ಡ ಚಕ್ರದ ಸೈಕಲ್ಲಿನದು. ಅದರ ಕಾಲು ಉದ್ದ. ಈ ಸೈಕಲ್ಲಿನಲ್ಲಿ ಅದನ್ನು ಸಿಕ್ಕಿಸಲು ತೂತೇ ಇಲ್ಲ. "ತೂತು ಕೊರೆಯುವಾ," ಎಂದ ಅಂಗಡಿಯವನಿಗೆ, "ನಿನ್ನ ಮೂಗಿಗೆ ಕೊರಿ ಮಾರಾಯ!" ಎಂದು ಹೇಳಿ ಬಂದರು. ಮನೆಯಲ್ಲೇ ಅದರ ಕಾಲು ಕೊಯ್ದು, ಸೈಕಲ್ಲಿನ ಬಣ್ಣ ಹೋಗದಿರಲೆಂದು ಹಳೆ ಟ್ಯೂಬಿನ ತುಂಡು ಸುತ್ತಿ, ಕ್ಲಾಂಪು ಬಿಗಿದರು.

ಪರೀಕ್ಷೆಗೆ ಮಾವ್ಶಿಯ ಬದಲು ಮುಡಿ! ಸೀರೆ ಎಂತಕ್ಕೆ? ಸೆರಗು ಚಕ್ರಕ್ಕೆ ಸಿಕ್ಕುತ್ತದಾ ನೋಡಬೇಕಲ್ಲ! ತಿರುವಿನಲ್ಲಿ "ಗಟ್ಟಿ ಕೂತುಕೋ, ಆಯ್ತಾ?" ಎಂದು ಅಕ್ಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕ್ಯಾರಿಯರ್ ತೀರಾ ಮುಂದಿದ್ದದ್ದರಿಂದ ಪೆಡಲ್ ತುಳಿದಾಗಲೆಲ್ಲ ಅವರ ಹಿಮ್ಮಡಿ ಮುಡಿಗೆ ಬಡಿಯುತ್ತಿತ್ತು.

"ದಾರಿಯಿಡೀ ಮಾವ್ಶಿಗೆ ಒದೆಯುವುದಾ ಬಾಪ್ಪು?" ಎಂದೆ.

ಹಿಂದಕ್ಕೆ ಸರಿಸಿದರು. ಮುಂದಿನ ಚಕ್ರ ಎದ್ದು ನಿಂತಿತು! ಮತ್ತೆ ಸ್ವಲ್ಪ ಮುಂದಕ್ಕೆ. ದೇವರ ದಯೆ, ಮುಡಿ ಬಿಚ್ಚಲಿಲ್ಲ.

ಗರಿಗಳ ಭಾನುವಾರ ಬಂತು. ಪೂಜೆಯ ಮೊದಲ ಗಂಟೆ ಆಯಿತು. ಹೊಸ ಸೀರೆಯುಟ್ಟ ಮಾವ್ಶಿ ಕೂತರು. ಕೂತದ್ದೇ ತಡ, ಕ್ಯಾರಿಯರ್ ಎಡಕ್ಕೆ ವಾಲಿತು!

"ಮುಡಿಗೆ ಕಾಲಿಲ್ಲ ಬಾಪ್ಪು, ಮಾವ್ಶಿಗೆ ಉಂಟು! ಹೆಂಗಸರು ಒಂದೇ ಬದಿಗೆ ಕಾಲು ಬಿಟ್ಟು ಕೂರುವುದಲ್ವಾ?" ಎಂದೆ.

ಬಾಪ್ಪು ಸ್ಪ್ಯಾನರ್ ಹಿಡಿದು ಬಿಗಿದರು, ಮತ್ತೆ ವಾಲಿತು. ಎರಡನೆಯ ಗಂಟೆಯೂ ಆಯಿತು. "ಬಿಡಿ, ನನಗೆ ಭಾಗ್ಯವಿಲ್ಲ," ಎಂದು ಮಾವ್ಶಿ ಇಳಿಯಲು ಹೊರಟರು.

"ಕೂತಿರು," ಎಂದರು ಬಾಪ್ಪು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ವಾಲಿದ ಕ್ಯಾರಿಯರನ್ನು ಎತ್ತಿ ಹಿಡಿದು, ನಡೆದುಕೊಂಡೇ ಗುಡ್ಡದ ಮೇಲಕ್ಕೆ ನೂಕಿದರು. ನಾನು ಅವರಿಬ್ಬರ ಗರಿ ಹಿಡಿದು ಹಿಂದಿನಿಂದ ಹೋದೆ.

ಇಗರ್ಜಿಯ ಮೆಟ್ಟಿಲಲ್ಲಿ ಗಂಡಸರು ಕಾದಿದ್ದರು.

"ಇದು ಎಷ್ಟನೆಯ ಗೇರು ಬಾಪ್ಪು?"

"ಹತ್ತೊಂಬತ್ತನೆಯದು!"

"ನೂಕಿಕೊಂಡೇ ಬರುವುದಾದರೆ ಕ್ಯಾರಿಯರ್ ಎಂತಕ್ಕೆ ಮಾರಾಯ್ರೇ?"

ಬಾಪ್ಪು ಏದುಸಿರು ಬಿಡುತ್ತಾ ಹೇಳಿದರು, "ಹೆಗಲ ಮೇಲೆ ಹೊತ್ತು ತಂದರೆ ಇವಳಿಗೆ ನಾಚಿಕೆ ಅಲ್ವಾ?"

ಎಲ್ಲರೂ ನಕ್ಕರು. ಮಾವ್ಶಿ ನಗಲಿಲ್ಲ. ಇಳಿದು ನಿಂತು, ಹೊಸ ಸೀರೆಯ ಸೆರಗಿನಿಂದ ಅವರ ಹಣೆಯ, ಕತ್ತಿನ ಬೆವರು ಒರೆಸಿದರು. ಅಷ್ಟು ಜನರ ಎದುರು! ಆ ಪ್ರಾಯದಲ್ಲಿ! ಒಳಗೆ ಹಾಡು ಶುರುವಾಗಿತ್ತು. ಯಾರೂ ಅವರನ್ನು ಅವಸರಪಡಿಸಲಿಲ್ಲ.