ಐದು ಕಿಲೋಮೀಟರಿನೊಳಗಿನ ಹಿಮ

ಇದು ನಡೆದದ್ದು 2021ರ ಜನವರಿಯ ಒಂದು ಭಾನುವಾರ. ಲಾಕ್‌ಡೌನ್ ಇತ್ತು. ವ್ಯಾಯಾಮಕ್ಕೆಂದು ಮನೆಯಿಂದ ಐದು ಕಿಲೋಮೀಟರ್ ಮಾತ್ರ ಹೋಗಬಹುದಿತ್ತು. ನಾನು ಪಟ್ಟಿ ಮಾಡಿಕೊಂಡು ಹೊರಟ ದಿನವೇ ಇಂಥವೆಲ್ಲ ನಡೆಯುತ್ತವೆ. ಪಟ್ಟಿ ಇಲ್ಲದೆ ಹೊರಟ ದಿನ ಒಂದೂ ಇಲ್ಲ, ಹಾಗಾಗಿ ಹೋಲಿಸಿ ನೋಡಲು ಆಗಿಲ್ಲ.

೧. ಸಂಡಿಗೆ

ಐರ್ಲೆಂಡಿನ ಡೊನೆಗಾಲ್ ಜಿಲ್ಲೆಯ ಲೆಟರ್‌ಕೆನ್ನಿ ಪಟ್ಟಣದಿಂದ ಅರ್ಧ ಗಂಟೆ ದೂರದ, ಗುಡ್ಡಗಳ ನಡುವಿನ ಪುಟ್ಟ ಊರು ನಮ್ಮದು. ಎಂ.ಎಸ್ಸಿ. ಮುಗಿಸಿ ಲ್ಯಾಬ್ ಕೆಲಸಕ್ಕೆ ಸೇರಿದ ನಾನು ಹಾಸನದ ಡಾಕ್ಟರ್ ಒಬ್ಬರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರ ಗಂಡನನ್ನು ಭಾವ.

ಅಕ್ಕನ ಕೆಲಸ ಕೋವಿಡ್ ವಾರ್ಡಿನಲ್ಲಿ. ಮೊದಲ ಲಾಕ್‌ಡೌನಿನಲ್ಲೇ ಅವರು ಆನ್‌ಲೈನಿನಲ್ಲಿ ಒಂದು ಜೊತೆ ಸ್ನೋ ಶೂ ತರಿಸಿದ್ದರು. ಟೆನಿಸ್ ಬ್ಯಾಟಿನಷ್ಟು ಅಗಲದ ಚೌಕಟ್ಟು, ನಡುವೆ ಬಲೆ. ಬೂಟಿಗೆ ಕಟ್ಟಿಕೊಂಡರೆ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ಹೂತುಹೋಗುವಷ್ಟು ಹಿಮ ಮಾತ್ರ ಬಿದ್ದಿರಲಿಲ್ಲ. ಹತ್ತು ತಿಂಗಳು ಅವು ಹೀಟರ್ ಮುಂದೆ ಇದ್ದವು. ಭಾವ ಅವುಗಳ ಮೇಲೆ ಸಂಡಿಗೆ ಒಣಗಿಸುತ್ತಿದ್ದರು.

ಆ ಭಾನುವಾರ ಬೆಳಗಾದಾಗ ಊರೆಲ್ಲ ಬಿಳಿ. ಅಕ್ಕನಿಗೆ ಮೂರು ವಾರದಲ್ಲಿ ಅದೊಂದೇ ರಜೆ. ಮಧ್ಯಾಹ್ನ ಮಳೆ ಎಂದು ಹವಾಮಾನದ ಆ್ಯಪ್ ಹೇಳುತ್ತಿತ್ತು. ಮಳೆ ಬಂದರೆ ಹಿಮ ಇರುವುದಿಲ್ಲ.

"ಇವತ್ತೂ ಹಾಕ್ಕೊಳ್ಳಲಿಲ್ಲ ಅಂದ್ರೆ ನಾಳೆ ಮಾರಾಟಕ್ಕೆ ಹಾಕ್ತೀನಿ," ಎಂದರು ಭಾವ. "ಒಂದ್ಸಲಾನೂ ಬಳಸಿಲ್ಲ ಅಂತ ಧೈರ್ಯವಾಗಿ ಬರೀಬಹುದು."

"ಬರೀರಿ," ಎಂದರು ಅಕ್ಕ. "ಸ್ವಲ್ಪ ಜೀರಿಗೆ ವಾಸನೆ ಇದೆ ಅಂತಾನೂ ಸೇರಿಸಿ."

೨. ನಿಂಬೆಹಣ್ಣು

ನಾನು ನಕ್ಷೆಯ ಮೇಲೆ ಕೈವಾರದಲ್ಲಿ ವೃತ್ತ ಎಳೆದು ಮೂರು ಜಾಗ ಗುರುತಿಸಿದ್ದೆ: ಗಾಲ್ಫ್ ಮೈದಾನ, ಕಾಡುದಾರಿ, ಬಾವಿಗುಡ್ಡ. ಹೊರಡುವಾಗ ಭಾವ ಅಡ್ಡ ನಿಂತರು.

"ಹೊಸ ಗಾಡಿ ಪೂಜೆ ಮಾಡದೆ ಓಡಿಸ್ತೀವಾ? ಇದೂ ಹಾಗೇ."

ಹಿತ್ತಲ ಹಿಮದ ಮೇಲೆ ಎರಡು ನಿಂಬೆಹಣ್ಣು ಇಟ್ಟರು. ಅಕ್ಕ ಸ್ನೋ ಶೂ ಕಟ್ಟಿಕೊಂಡು ಅವುಗಳ ಮೇಲೆ ಕಾಲಿಟ್ಟರು. ಹಣ್ಣು ಒಡೆಯಲಿಲ್ಲ, ಹಿಮದೊಳಗೆ ಇಳಿದುಹೋದವು.

"ಅಯ್ಯೋ, ಒಡೀಲೇ ಇಲ್ವಲ್ಲ!" ಎಂದರು ಭಾವ.

"ಅಡಿ ಮೆತ್ತಗಿದೆ ಭಾವ, ಭಾರಾನೂ ಹರಡಿಹೋಗುತ್ತೆ. ಶೂ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅರ್ಥ," ಎಂದೆ.

"ಅರ್ಥ ಆಮೇಲೆ. ಹಣ್ಣು ಹುಡುಕಮ್ಮ, ಚಿತ್ರಾನ್ನಕ್ಕೆ ಇರೋದು ಅವೆರಡೇ."

ಮೂವರೂ ಮಂಡಿಯೂರಿ ಕೆದಕಿದೆವು. ಪಕ್ಕದ ಮನೆಯ ಐರಿಶ್ ಅಜ್ಜಿ ಗೋಡೆಯ ಆಚೆಯಿಂದ ಸ್ವಲ್ಪ ಹೊತ್ತು ನೋಡಿದರು. ಒಂದು ಹಣ್ಣು ನನ್ನ ಕೈಗೆ ಸಿಕ್ಕಿದಾಗ ಅವರಿಗೆ ಮರುಕ ಹುಟ್ಟಿತು.

"ಡೊನೆಗಾಲ್‌ನಲ್ಲಿ ನಿಂಬೆ ಬೆಳೆಯಲ್ಲಮ್ಮ," ಎಂದರು. "ಆಲೂಗಡ್ಡೆ ಹಾಕಿ ನೋಡಿ."

೩. ಗಾರ್ಡ

ಗಾಲ್ಫ್ ಮೈದಾನ ಮುಗಿದುಹೋಗಿತ್ತು. ಊರಿನ ಮಕ್ಕಳೆಲ್ಲ ಓವನ್ ಟ್ರೇ ಮೇಲೆ ಕೂತು ಜಾರಿ ಹಿಮವನ್ನೆಲ್ಲ ಒರೆಸಿಬಿಟ್ಟಿದ್ದರು. ಉಳಿದದ್ದು ಕೆಸರು.

ಕಾಡುದಾರಿಯ ತಿರುವಿನಲ್ಲಿ ಗಾರ್ಡ, ಎಂದರೆ ಇಲ್ಲಿನ ಪೊಲೀಸಿನವರೊಬ್ಬರು, ನಮ್ಮ ಕಾರು ನಿಲ್ಲಿಸಿದರು. ಹಿಂದಿನ ಸೀಟಿನತ್ತ ಬಗ್ಗಿ ನೋಡಿ, "ಏನವು?" ಎಂದರು.

"ಸ್ನೋ ಶೂ," ಎಂದರು ಅಕ್ಕ.

"ಐರ್ಲೆಂಡಿನಲ್ಲೇ ಹಾಕ್ಕೊಳ್ಳೋಕಾ?"

"ಹೌದು."

ಅವರು ತಿರುವಿನಾಚೆಗೆ ಕೈ ತೋರಿಸಿದರು. "ಕಾಡುದಾರಿಗೆ ಮರ ಬಿದ್ದಿದೆ, ಹೋಗೋ ಹಾಗಿಲ್ಲ."

ಅಕ್ಕ ಗಡಿಯಾರ ನೋಡಿಕೊಂಡರು. ಹನ್ನೊಂದೂವರೆ. ನಾನು ನಕ್ಷೆ ಚಾಚಿದೆ.

"ಉಳಿದಿರೋದು ಬಾವಿಗುಡ್ಡ ಒಂದೇ, ಸರ್. ಬಾಗಿಲಿಂದ ಅಳೆದರೆ ಐದು ಕಿಲೋಮೀಟರಿಗೆ ನಾಲ್ಕು ಮೀಟರ್ ಕಡಿಮೆ. ಅಡುಗೆಮನೆಯಿಂದ ಅಳೆದರೆ ಐದು ದಾಟುತ್ತೆ."

"ಸುಮ್ನಿರೇ!" ಎಂದು ಅಕ್ಕ ಕನ್ನಡದಲ್ಲಿ ಗದರಿದರು.

ಗಾರ್ಡ ನಕ್ಷೆಯನ್ನು ಮಡಚಿ ವಾಪಸ್ ಕೊಟ್ಟರು. "ಗ್ರ್ಯಾಂಡ್," ಎಂದರು; ಇಲ್ಲಿ ಅದಕ್ಕೆ 'ಸರಿ' ಎಂದರ್ಥ. "ಅಡುಗೆಮನೆಯಲ್ಲಿ ಯಾರೂ ಕಾರು ನಿಲ್ಲಿಸಲ್ಲ. ಹೋಗಿ."

೪. ಬಾವಿಗುಡ್ಡ

ಗುಡ್ಡದ ಮೇಲೆ ಮೊಣಕಾಲುದ್ದ ಹಿಮ. ಯಾರೂ ತುಳಿದಿರಲಿಲ್ಲ.

ಅಕ್ಕ ಸ್ನೋ ಶೂ ಕಟ್ಟಿಕೊಂಡರು. ಮೊದಲ ಹತ್ತು ಹೆಜ್ಜೆ ಬಾತುಕೋಳಿಯಂತೆ ಇಟ್ಟರು. ಹನ್ನೊಂದನೆಯದಕ್ಕೆ ಮುಗ್ಗರಿಸಿ ಬಿದ್ದರು. ಎದ್ದರು, ಮತ್ತೆ ಬಿದ್ದರು, ಬಿದ್ದಲ್ಲೇ ನಗತೊಡಗಿದರು. ಮಾರ್ಚ್‌ನಿಂದ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಓಡಿದರು. ಹಿಂದೆ ನಾವಿಬ್ಬರು ಮೊಣಕಾಲವರೆಗೆ ಹೂತುಕೊಂಡು ಏಗುತ್ತಿದ್ದೆವು.

"ಹೋಯ್ತು," ಎಂದರು ಭಾವ ಏದುಸಿರಿನಲ್ಲಿ. "ಇನ್ನು ಇದನ್ನ ಮಾರೋ ಹಾಗಿಲ್ಲ."

ತುದಿಯಲ್ಲಿ ಕಲ್ಲು ಕಟ್ಟಿದ ಒಂದು ಪವಿತ್ರ ಬಾವಿ, ಪಕ್ಕದಲ್ಲಿ ಮೇರಿಯ ಸಣ್ಣ ಮೂರ್ತಿ. ಅಕ್ಕ ಸ್ನೋ ಶೂ ಬಿಚ್ಚಿದರು. ಬೂಟು ಬಿಚ್ಚಿದರು. ಸಾಕ್ಸ್ ಬಿಚ್ಚಿ ಬೂಟಿನೊಳಗಿಟ್ಟು ಕೈ ಮುಗಿದರು. ಭಾವ ಬಿಚ್ಚಿದರು, ನಾನೂ ಬಿಚ್ಚಿದೆ. ದೇವರ ಮುಂದೆ ಬೂಟು ಹಾಕಿಕೊಂಡು ನಿಲ್ಲಬಹುದೆಂದು ಮೂವರಿಗೂ ಹೊಳೆಯಲಿಲ್ಲ. ಬಾವಿಗೆ ಮೂರು ಸುತ್ತು ಬಂದೆವು.

ಅಷ್ಟರಲ್ಲಿ ಅಕ್ಕ ತುಳಿದ ಜಾಡು ಹಿಡಿದು ಮುದುಕರೊಬ್ಬರು ನಾಯಿಯೊಂದಿಗೆ ಮೇಲೆ ಬಂದರು. ನಮ್ಮ ಕಾಲು ನೋಡಿದರು. ಟೋಪಿ ತೆಗೆದರು.

"ನಮ್ಮಜ್ಜಿ ಇಲ್ಲಿಗೆ ಬರಿಗಾಲಲ್ಲೇ ಬರ್ತಿದ್ದಳು. ನಾನು ನೋಡಿ, ಬೂಟು ಹಾಕ್ಕೊಂಡು ಬಂದೆ," ಎಂದು ಕಲ್ಲಿನ ಮೇಲೆ ಕೂತು ಲೇಸ್ ಬಿಚ್ಚತೊಡಗಿದರು.

ಅವರ ಹಿಂದೆ ಬಂದ ದಂಪತಿ ಏನೂ ಕೇಳದೆ ಬಿಚ್ಚಿದರು. ಅವರ ಹಿಂದೆ ಬಂದವರೂ ಹಾಗೇ. ಎಲ್ಲರ ಮುಖಕ್ಕೂ ಮಾಸ್ಕ್, ನಡುವೆ ಎರಡೆರಡು ಮೀಟರ್, ಕೆಳಗೆ ಬರಿಗಾಲು.

"ನಡಿಯೇ, ಕಾಲು ಮರಗಟ್ಟಿದೆ," ಎಂದು ಭಾವ ಪಿಸುಗುಟ್ಟಿದರು.

"ಹೆಂಗ್ರೀ ಹೋಗೋದು? ಶುರು ಮಾಡಿದ್ದು ನಾವೇ. ನಾವೇ ಮೊದಲು ಬೂಟು ಹಾಕ್ಕೊಂಡ್ರೆ ಏನಂದ್ಕೋತಾರೆ?"

ಮುದುಕರು ನನ್ನತ್ತ ಬಾಗಿ ಕೇಳಿದರು: "ನೀವು ಮುಗಿಸೋದು ಯಾವಾಗ? ನಿಮಗಿಂತ ಮುಂಚೆ ಹೋಗೋದು ಚೆನ್ನಾಗಿರಲ್ಲ ಅಂತ ಕಾಯ್ತಿದೀವಿ."

ಅಕ್ಕನಿಗೆ ಅದು ಕೇಳಿಸಿತು. ವಾರ್ಡಿನ ದನಿ ತೆಗೆದರು. "ನಾನು ಡಾಕ್ಟರ್. ಎಲ್ಲರೂ ಈಗಲೇ ಸಾಕ್ಸ್ ಹಾಕ್ಕೊಳ್ಳಿ. ಇಲ್ಲದಿದ್ರೆ ನಾಳೆ ನಿಮ್ಮನ್ನೆಲ್ಲ ನಾನೇ ನೋಡಬೇಕಾಗುತ್ತೆ."

ಎಲ್ಲರೂ ಒಟ್ಟಿಗೆ ಬಗ್ಗಿದರು. ಆಗ ಎಣಿಸಿದೆ. ನಾಯಿಯನ್ನು ಬಿಟ್ಟು ಹನ್ನೊಂದು ಜನ.