ಮಾನವಿ ಟಾಕೀಸಿನಲ್ಲಿ ಕೊನೆಯ ರೀಲು ತೋರಿಸಿದ್ದರ ಕುರಿತು

ಮಾನವಿಯ ಟೂರಿಂಗ್ ಟಾಕೀಸಿನ ನೂತನ ಮಾಲೀಕರಾದ ಶ್ರೀಮಾನ್ ಮಲ್ಲಯ್ಯನವರ ಸನ್ನಿಧಿಗೆ, ಇದೇ ಊರಿನ ಡ್ರಾಯಿಂಗ್ ಮಾಸ್ತರ ಉರುಕುಂದಪ್ಪನು ಮಾಡುವ ಅನೇಕಾನೇಕ ನಮಸ್ಕಾರಗಳು.

ಮಾನ್ಯರೇ,

ತಾವು ಟಾಕೀಸನ್ನು ಕೊಂಡ ಮೇಲೆ ಡೇರೆಯ ತೂತುಗಳಿಗೆ ತೇಪೆ ಬಿದ್ದಿದೆ, ತಿಗಣೆಗಳು ವಲಸೆ ಹೋಗಿವೆ, ಗಂಡಹೆಂಡಿರು ಕೂಡಿ ಕೂರಲು ಕುರ್ಚಿಗಳು ಬಂದಿವೆ. ಇಷ್ಟಕ್ಕೇ ನಿಲ್ಲಿಸಿದ್ದರೆ ತಮಗೆ ಹಾರ ಹಾಕುವವರಲ್ಲಿ ನಾನೇ ಮೊದಲಿಗನಾಗುತ್ತಿದ್ದೆ. ಆದರೆ ತಾವು ಪ್ರಾಮಾಣಿಕರು. ಹೋದ ಭಾನುವಾರ ಆ ಹಳೆಯ ತಮಿಳು ಪ್ರೇಮಚಿತ್ರವನ್ನು ಕೊನೆಯ ರೀಲಿನ ಸಮೇತ ತೋರಿಸಿ, ಹತ್ತು ವರ್ಷ ನೆಟ್ಟಗೆ ನಡೆದಿದ್ದ ನನ್ನ ಸಂಸಾರಕ್ಕೆ ಕಲ್ಲು ಹಾಕಿದಿರಿ.

ತಾವು ಊರಿಗೆ ಹೊಸಬರು, ಹಿಂದಿನದು ತಿಳಿಯದು. ಎಪ್ಪತ್ಮೂರರಲ್ಲಿ ಇದೇ ಚಿತ್ರ ಬಂದಾಗ ಮಾನವಿಗೂ ದೇವದುರ್ಗಕ್ಕೂ ಸೇರಿ ಇದ್ದದ್ದು ಒಂದೇ ಪ್ರತಿ. ಇಲ್ಲಿ ಓಡಿದ ರೀಲುಗಳು ಡಬ್ಬಿ ಸೇರಿ, ಸಿರವಾರದ ಮೇಲೆ ಹೋಗುವ ಕಡೆಯ ಬಸ್ಸು ಹತ್ತಿ, ದೇವದುರ್ಗದ ಡೇರೆಯ ಎರಡನೆಯ ಆಟಕ್ಕೆ ಮುಟ್ಟಬೇಕಿತ್ತು. ಬಸ್ಸು ಹೊರಡುವಾಗ ನಮ್ಮಲ್ಲಿ ಇನ್ನೂ ಒಂದು ರೀಲು ಬಾಕಿ ಇರುತ್ತಿತ್ತು. ದೇವದುರ್ಗದವರು ಅಂತ್ಯ ಕಾಣದೆ ಬೆಂಚು ಬಿಟ್ಟು ಏಳುವವರಲ್ಲವಾದ್ದರಿಂದ, ಹಿಂದಿನ ಮಾಲೀಕರು ಅದನ್ನು ಓಡಿಸದೆಯೇ ಬಸ್ಸಿಗೆ ಹಾಕಿಬಿಡುತ್ತಿದ್ದರು.

ನಮಗೆ ಅದರ ಕೊರತೆ ಕಾಣಲಿಲ್ಲ. ಹತ್ತಿ ಲಾರಿಯ ಜೊತೆ ನಾಲ್ಕು ಸಲ ಮದ್ರಾಸಿಗೆ ಹೋಗಿಬಂದು ತಮಿಳು ಪಂಡಿತರೆನಿಸಿದ್ದ ಮೀರಾಹುಸೇನರು ಮೈಕಿನ ಮುಂದೆ ಕೂತು, ಪರದೆಯ ಮೇಲಿನ ಮಾತನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ನಾಯಕ ಮಾತು ಕೊಟ್ಟು ಊರು ಬಿಡುತ್ತಾನೆ, ನಾಯಕಿ ಬಂದ ವರಗಳನ್ನೆಲ್ಲ ಒಲ್ಲೆನೆಂದು ಮೂರು ವರ್ಷ ಕಾಯುತ್ತಾಳೆ, ಅವನು ರೈಲಿನಿಂದ ಇಳಿಯುತ್ತಾನೆ, ಅವಳು ಓಡುತ್ತಾಳೆ. ಅಲ್ಲಿಗೆ ಪರದೆ ಬಿಳುಪಾಗುತ್ತಿತ್ತು. ಆಗ ಮೀರಾಹುಸೇನರು, "ಇಬ್ಬರದೂ ಲಗ್ನ ಆತ್ರೀ. ಎರಡು ಗಂಡು, ಒಂದು ಹೆಣ್ಣು. ಎಲ್ಲಾರೂ ಆರಾಮ ಅದಾರ. ಚಪ್ಪಲಿ ನೋಡ್ಕೊಂಡು ಹೋಗ್ರಿ" ಎಂದು ಮಂಗಳ ಹಾಡುತ್ತಿದ್ದರು.

ಹೆಂಗಸರ ಕಡೆ ಕೂತು ಇದನ್ನು ಐದು ಸಲ ಕೇಳಿದ ಹಣಮಮ್ಮ ಎಂಬ ಕನ್ಯೆ, ಗುಂಜಹಳ್ಳಿಯ ಸೋದರಮಾವನನ್ನು ಒಲ್ಲೆನೆಂದು, ತನಗೆ ಮಾತು ಕೊಟ್ಟು ರಾಯಚೂರಿಗೆ ಡ್ರಾಯಿಂಗ್ ಕಲಿಯಲು ಹೋಗಿದ್ದ ನನಗಾಗಿ ಎರಡು ವರ್ಷ ಕಾದಳು. ನಾನೂ ಬಸ್ಸಿನಿಂದ ಇಳಿದೆ, ಲಗ್ನವಾಯಿತು. ಊರೆಲ್ಲ ನಮ್ಮನ್ನು ಸಿನಿಮಾ ಜೋಡಿಯೆಂದು ಕರೆಯಿತು. ನಾನು ಮೀಸೆ ತಿರುವಿಕೊಂಡು ಕರೆಸಿಕೊಂಡೆ.

ಲಗ್ನವಾಗಿ ಹತ್ತು ವರ್ಷವಾಯಿತೆಂದು ಹೋದ ಭಾನುವಾರ ನಾನೇ, ನನ್ನ ಕೈಯಾರೆ, ಆಕೆಯನ್ನು ತಮ್ಮ ಹೊಸ ಕುರ್ಚಿಯಲ್ಲಿ ಕೂರಿಸಿದೆ. ಪರದೆ ಬಿಳುಪಾಗುವ ಜಾಗ ಬಂದಾಗ ಆಕೆ ಚಪ್ಪಲಿ ಮೆಟ್ಟಿಕೊಂಡಳು, ಚಿತ್ರ ನಿಲ್ಲಲಿಲ್ಲ. ನಾಯಕನ ಹಿಂದೆ ರೈಲಿನಿಂದ ಇನ್ನೊಬ್ಬಳು ಇಳಿದಳು, ಕೊರಳಲ್ಲಿ ಹೊಸ ತಾಳಿ. ಅದನ್ನು ತಿಳಿಯಲು ಮೈಕೂ ಬೇಡ, ಮದ್ರಾಸಿಗೆ ಹೋಗಿಬರುವುದೂ ಬೇಡ. ಹಣಮಮ್ಮ ನನ್ನ ಕಡೆ ತಿರುಗಿ, "ನೀವು ರಾಯಚೂರಾಗ ಎರಡು ವರ್ಷ ಏನು ಮಾಡಾಕತ್ತಿದ್ರಿ?" ಎಂದಳು.

ಇಂಥ ಪ್ರಶ್ನೆ ತಾನಾಗಿ ಹುಟ್ಟುವುದಿಲ್ಲ, ಹುಟ್ಟಿಸಿದವರು ತಾವು. ನಿಜವೆಂದರೆ, ರಾಯಚೂರಿನಲ್ಲಿ ನಾನೊಂದು ಹೆಣ್ಣು ನೋಡಿ, ಒಪ್ಪಿ, ಎಲೆಅಡಿಕೆಯ ದಿನವನ್ನೂ ಗೊತ್ತು ಮಾಡಿಕೊಂಡಿದ್ದೆ. ಆ ಮನೆಯವರು ಕಾರಣ ಹೇಳದೆ ಒಲ್ಲೆವೆಂದರು, ಆದ್ದರಿಂದಲೇ ನಾನು ಊರಿನ ಬಸ್ಸು ಹತ್ತಿದ್ದು. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಈ ಮಾತನ್ನು ಸೋಮವಾರ ಚಹಾದ ಹೊತ್ತಿಗೆ ಹೇಳಿಬಿಟ್ಟೆ. ಅಂದಿನಿಂದ ರೊಟ್ಟಿ ಬರುತ್ತದೆ, ಪಲ್ಯ ಬರುತ್ತದೆ, ಆಕೆಯ ಬಾಯಿಂದ ಮಾತು ಮಾತ್ರ ಬರುವುದಿಲ್ಲ. ಈ ಮೌನ ನನ್ನಿಂದ ತಡೆಯಲಾಗುತ್ತಿಲ್ಲ. ಹಣಮಮ್ಮನ ದನಿಯಿಲ್ಲದೆ ನನಗೆ ದಿನ ಹೋಗದೆಂಬುದು ತಿಳಿದದ್ದೂ ಈಗಲೇ.

ಆದಕಾರಣ ತಾವು ದಯಮಾಡಿ ಆ ನಾಯಕನನ್ನು ಮತ್ತೆ ರೈಲು ಹತ್ತಿಸಿ, ಒಬ್ಬನೇ ಇಳಿಯುವಂತೆ ಮಾಡಬೇಕು. ಅದು ಮದ್ರಾಸಿನವರ ಕೈಯಲ್ಲಿದೆ ಎನ್ನುವುದಾದರೆ ಕೊನೆಯ ರೀಲನ್ನು ಎಂದಿನಂತೆ ದೇವದುರ್ಗಕ್ಕೆ ಕಳುಹಿಸಬೇಕು, ಅಲ್ಲಿಯವರು ಗಟ್ಟಿಗರು, ತಡೆದುಕೊಳ್ಳುತ್ತಾರೆ. ಅದೂ ಆಗದಿದ್ದರೆ, ಈಗ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿರುವ ಮೀರಾಹುಸೇನರನ್ನು ಕರೆಸಿ, ಹಿಂದೆ ಇಳಿದವಳು ನಾಯಕನ ತಂಗಿಯೆಂದು ಮೈಕಿನಲ್ಲಿ ಒಂದು ಮಾತು ಹೇಳಿಸಬೇಕು. ಒಂದೂ ಸಾಧ್ಯವಿಲ್ಲವೆಂದರೆ ತಾವೇ ನಮ್ಮ ಮನೆಗೆ ದಯಮಾಡಿಸಿ, ಹಣಮಮ್ಮನ ಎದುರು ಕೂತು ಒಂದು ಹೊತ್ತು ಊಟ ಮಾಡಿ ನೋಡಬೇಕು.

ರೈಲು ನಿಲ್ಲುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಉರುಕುಂದಪ್ಪ

ತಾ.ಕ.: ಈ ಪತ್ರವನ್ನು ತಮಗೆ ಮುಟ್ಟಿಸುವ ಮೊದಲು ಹಣಮಮ್ಮ ಓದಿ, ವಾರದ ಮೇಲೆ ಬಾಯಿ ಬಿಟ್ಟಳು. "ರಾಯಚೂರಿನ ಸುದ್ದಿ ನನಗ ಲಗ್ನಕ್ಕಿಂತ ಮೊದಲಽ ಗೊತ್ತಿತ್ತು. ನಿಮ್ಮ ಬಾಯಿಂದ ಬರಾಕ ಹತ್ತು ವರ್ಷ ಬೇಕಾತಲ್ಲ, ಅದಕ್ಕ ಸಿಟ್ಟು. ಬಳಿ ಮಾರೋ ಕುಬ್ರಾ ಬೇಗಂ ಕೈಲೆ ಆ ಮನಿಗೆ ಹೇಳಿ ಕಳಿಸಿದಾಕಿ ನಾನಽ, ಹುಡುಗಗ ಮೂರ್ಛಿ ರೋಗ ಅದ ಅಂತ." ಆದ್ದರಿಂದ ದೂರನ್ನು ಹಿಂತೆಗೆದುಕೊಂಡಿದ್ದೇನೆ, ತಾವು ಆ ರೀಲನ್ನು ಧಾರಾಳವಾಗಿ ತೋರಿಸಿರಿ; ಮೂರು ವರ್ಷ ಸುಮ್ಮನೆ ಕಾದು ಕೂತ ನಾಯಕಿಗೆ ತಕ್ಕುದೇ ಆಯಿತೆಂದು ನಮ್ಮ ಮನೆಯವರ ಅಭಿಪ್ರಾಯ. ನನಗೂ ಒಂದು ಸಂಗತಿ ಬಗೆಹರಿಯಿತು: ರಾಯಚೂರಿನ ಆ ಓಣಿಯಲ್ಲಿ ನಾನು ಕಲ್ಲಿಗೆ ಎಡವಿದರೂ ಸಾಕು, ಜನ ಓಡಿಬಂದು ಕಬ್ಬಿಣದ ಕೀಲಿಗೊಂಚಲನ್ನು ನನ್ನ ಮುಷ್ಟಿಗೆ ತುರುಕುತ್ತಿದ್ದರು.