ಬೋಲ್ಟಿಗೆ ಮೂರು ಪ್ರದಕ್ಷಿಣೆ

ಶ್ಯಾಮಸುಂದರನ ಆ ದಿನದ ಕಷ್ಟಕ್ಕೆಲ್ಲ ಕಾರಣ ಸಾಸಿವೆಕಾಳಿನಷ್ಟು ಕುಂಕುಮ.

ಬೆಳಗ್ಗೆ ಸ್ನಾನ ಮುಗಿಸಿ ವರಾಂಡಕ್ಕೆ ಬಂದು ನೋಡಿದರೆ ಅವನ ಸಾಮಾನಿನ ಪೆಟ್ಟಿಗೆ ಅಲ್ಲಿರಲಿಲ್ಲ. ದೇವರ ಮನೆಯಲ್ಲಿತ್ತು. ಒಳಗಿದ್ದ ಸ್ಪ್ಯಾನರ್, ಸ್ಕ್ರೂಡ್ರೈವರ್, ಸುತ್ತಿಗೆಗಳೆಲ್ಲ ಕೆಂಪು ರವಿಕೆ ಕಣದ ಮೇಲೆ, ಶಾಲೆಯ ಗ್ರೂಪ್ ಫೋಟೋಗೆ ನಿಲ್ಲಿಸಿದ ಮಕ್ಕಳ ಹಾಗೆ ಎತ್ತರದ ಪ್ರಕಾರ ಸಾಲಾಗಿದ್ದವು. ಪ್ರತಿಯೊಂದರ ನೆತ್ತಿಗೂ ಅರಿಶಿನ, ಕುಂಕುಮ, ಒಂದೊಂದು ಸೇವಂತಿಗೆಯ ಎಸಳು.

"ಅತ್ತೆ, ಇದೇನು ಮಾಡಿದ್ರಿ?"

"ಆಯುಧ ಪೂಜೆ ಕಣೋ," ಎಂದರು ಜಗದಾಂಬಾ. ಅವನ ಸೋದರತ್ತೆ, ದಸರೆಗೆಂದು ಬಂದು ವಾರವಾಗಿತ್ತು. "ನೀನು ಏಳೋದನ್ನ ಕಾಯ್ತಾ ಕೂತಿದ್ರೆ ರಾಹುಕಾಲ ಬಂದುಬಿಡೋದು. ನಾನೇ ಮುಗಿಸ್ದೆ."

"ಅಲ್ಲಿ ಬಗ್ಗಿರೋ ಕಡ್ಡಿ ಇದೆಯಲ್ಲ, ಅಲೆನ್ ಕೀ, ಅದೊಂದು ಕೊಡಿ ಅತ್ತೆ. ಎರಡೇ ನಿಮಿಷದ ಕೆಲಸ."

"ಕುಂಕುಮ ಬಿದ್ದಾಯ್ತು. ನಾಳೆ ಬೆಳಗ್ಗೆ ಮಂಗಳಾರತಿ ಆಗೋವರೆಗೂ ಅದಕ್ಕೆ ರಜಾ. ಪಾಪ, ವರ್ಷವೆಲ್ಲ ದುಡಿಯುತ್ತೆ. ಒಂದಿನ ಸುಮ್ನೆ ಮಲಗಿರಲಿ ಬಿಡು."

"ಬಸ್ಸಿಗೂ ಪೂಜೆ ಮಾಡಿದಾರೆ. ಅದು ಓಡ್ತಾ ಇಲ್ವಾ?"

"ಬಸ್ಸಲ್ಲಿ ಜನ ಕೂತಿರ್ತಾರೆ. ನಿನ್ನ ಕಡ್ಡಿ ಮೇಲೆ ಯಾರು ಕೂತಿದಾರೆ?"

ಶ್ಯಾಮಸುಂದರ ಬರಿಗೈಯಲ್ಲಿ ವರಾಂಡಕ್ಕೆ ವಾಪಸಾದ.

ಆ ಎರಡು ನಿಮಿಷದ ಕೆಲಸದ ಹಿಂದೆ ಒಂದು ಬೇಸಿಗೆಯ, ಒಂದು ಮಳೆಗಾಲದ ಭಾನುವಾರಗಳೆಲ್ಲ ಇದ್ದವು. ಆರ್‌ಪಿಸಿ ಲೇಔಟಿನ ಅವರ ರಸ್ತೆಯ ಸಂಘದವರು ಪ್ರತಿ ಆಯುಧ ಪೂಜೆಯ ಸಂಜೆ ಮಕ್ಕಳಿಗೆ ಸೈಕಲ್ ಸ್ಪರ್ಧೆ ಇಡುತ್ತಾರೆ. ಬೇವಿನ ಮರದ ಬುಡದಿಂದ ಹೊರಟು ನೀರಿನ ಟ್ಯಾಂಕಿನ ಏರು ಹತ್ತಬೇಕು. ಶ್ಯಾಮಸುಂದರನ ಮಗಳು ಮೇಧಾಳ ಸೈಕಲ್ಲೋ, ತುಂಬಿದ ಗ್ಯಾಸ್ ಸಿಲಿಂಡರಿಗೆ ಚಕ್ರ ಕಟ್ಟಿದ ಹಾಗಿತ್ತು. ಹೋದ ವರ್ಷ ಅರ್ಧ ಏರಿನಲ್ಲಿ ಇಳಿದು ತಳ್ಳಿಕೊಂಡು, ಎಲ್ಲರೂ ಬಹುಮಾನದ ಚಾಕೊಲೇಟು ತಿಂದಾದ ಮೇಲೆ ಟ್ಯಾಂಕು ತಲುಪಿದ್ದಳು. ಹುಡುಗರು, "ತಳ್ಳೋಗಾಡಿ ಬಂತು! ಟೊಮ್ಯಾಟೊ ಹೇಗಮ್ಮ ಕೊಟ್ಟೆ?" ಎಂದು ಕೂಗಿದ್ದರು. ಮೇಧಾ ಅವರೆದುರಿಗೆ ನಕ್ಕಿದ್ದಳು. ಮನೆಗೆ ಬಂದು ಗೋಡೆ ಕಡೆ ತಿರುಗಿಕೊಂಡು, "ಅಪ್ಪ, ಫಸ್ಟ್ ಬರೋದು ಬೇಡ. ಲಾಸ್ಟ್ ಮಾತ್ರ ಆಗಬಾರದು," ಎಂದಿದ್ದಳು.

ಅಂದಿನಿಂದ ಸಹಕಾರ ಸಂಘದ ಗುಮಾಸ್ತ ಶ್ಯಾಮಸುಂದರನಿಗೆ ಬೇರೆ ಯೋಚನೆಯೇ ಇಲ್ಲ. ಬೆಟ್ಟ ಹತ್ತುವ ಸೈಕಲ್ಲಿನ ಹಳೆಯ ಅಲ್ಯೂಮಿನಿಯಂ ಫ್ರೇಮೊಂದನ್ನು ಹುಡುಕಿ ತಂದ. ಹಗುರವಾದ ಚಕ್ರ ಹಾಕಿದ. ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡು ಯಾವುದೂ ಬೇಡವೆಂದ. ಒಂದೊಂದು ನಟ್ಟನ್ನೂ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಚಿನ್ನದ ಹಾಗೆ ತೂಗಿದ. "ಇಡ್ಲಿ ಗ್ರೀಸ್ ವಾಸನೆ ಬರ್ತಿದೆ ಅಂತ ನನ್ನ ಕೇಳಬೇಡಿ," ಎಂದು ಹೆಂಡತಿ ಕೋಕಿಲಾ ಹೇಳಿ ಹೇಳಿ ಸುಸ್ತಾಗಿ ಬೇರೆ ತಕ್ಕಡಿ ತಂದುಕೊಂಡಳು.

ಒಂದೇ ತೊಂದರೆ. ಸೈಕಲ್ ಹಗುರವಾಗುತ್ತ ಹೋದಂತೆ ಮಗಳು ಉದ್ದವಾಗುತ್ತ ಹೋದಳು. ಎಲ್ಲ ಮುಗಿಯಿತೆಂದು ನಿನ್ನೆ ಸಂಜೆ ಕೂರಿಸಿದರೆ ಮೊಣಕಾಲು ಹ್ಯಾಂಡಲಿಗೆ ತಾಗಿತು! ಹ್ಯಾಂಡಲಿನ ನೆತ್ತಿಯ ಬೋಲ್ಟನ್ನು ಅಲೆನ್ ಕೀಯಿಂದ ಸಡಿಲಿಸಿ ಎರಡು ಬೆರಳು ಮೇಲಕ್ಕೆತ್ತಿದ. ಅಷ್ಟರಲ್ಲಿ ಕೋಕಿಲಾ ಬೂದುಗುಂಬಳ ತರಲು ಮಾರುಕಟ್ಟೆಗೆ ಕಳಿಸಿದಳು. ಬಿಗಿ ಮಾಡುವುದು ಬೆಳಗ್ಗೆ ಎಂದುಕೊಂಡ. ಈಗ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಚಕ್ರ, ಮುನಿಸಿಕೊಂಡ ಬೀಗರ ಹಾಗೆ, ನೇರವಾಗಿ ಬೇರೆಲ್ಲೋ ನೋಡುತ್ತಿತ್ತು.

ಕೆಳಗಿನ ಮನೆಯ ಪದ್ಮನಾಭ ಅವರ ಹತ್ತಿರ ಇಲ್ಲದ ಸಾಮಾನಿಲ್ಲ. ಕಾರ್ಖಾನೆಯಿಂದ ನಿವೃತ್ತರಾಗಿ ಬರುವಾಗ ಕಾರ್ಖಾನೆಯನ್ನೇ ಜೊತೆಗೆ ತಂದರೇನೋ ಅನ್ನಬೇಕು. ಶ್ಯಾಮಸುಂದರ ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಒಳಗೆ ಕರೆದೊಯ್ದರು.

"ಬಾರಯ್ಯ ಶ್ಯಾಮು, ನೋಡು. ಹೇಗಿದೆ?"

ಕೋಣೆಯ ತುಂಬ ಮೆಟ್ಟಿಲು ಮೆಟ್ಟಿಲಾಗಿ, ಬೊಂಬೆ ಕೂರಿಸಿದಂತೆ ಸಾಮಾನು ಕೂರಿಸಿದ್ದರು. ಮೇಲಿನ ಸಾಲಿನಲ್ಲಿ ಅಲೆನ್ ಕೀಗಳ ಇಡೀ ಸಂಸಾರ, ಅಜ್ಜನಿಂದ ಮರಿಮಗನವರೆಗೆ, ಹಣೆಗೆ ಗಂಧ ಹಚ್ಚಿಕೊಂಡು ಕುಳಿತಿತ್ತು.

"ಸಾರ್, ಆ ಆರನೇ ನಂಬರಿಂದು..."

"ಅದೊಂದು ಕೇಳಬೇಡ. ಬೇರೆ ಏನು ಬೇಕಾದ್ರೂ ಕೇಳು," ಎಂದು ಪದ್ಮನಾಭ ನಿಜವಾಗಿಯೂ ನೊಂದುಕೊಂಡು, ಕಡ್ಲೆಪುರಿಯ ದೊಡ್ಡ ಪೊಟ್ಟಣವನ್ನು ಅವನ ಕೈಗಿಟ್ಟರು.

ಸ್ಕೂಟರಿಗೆ ಕೋಕಿಲಾ ಆಗಲೇ ಎರಡು ಬಾಳೆಕಂದು ಕಟ್ಟಿದ್ದಳು. ತಿರುವು ಬಂದಾಗಲೆಲ್ಲ ಎಲೆಯೊಂದು ಅವನ ಕಿವಿಗೆ ಮೆತ್ತಗೆ ಬಾರಿಸುತ್ತಿತ್ತು. ಹಾಗೇ ಏಟು ತಿನ್ನುತ್ತ ಮೂಡಲಪಾಳ್ಯದ ಸೈಕಲ್ ಅಂಗಡಿಗೆ ಹೋದ. ಅಂಗಡಿಯ ರಾಜೇಂದ್ರ ಮೆಟ್ಟಿಲ ಮೇಲೆ ಒಡೆದ ಬೂದುಗುಂಬಳವನ್ನು ಯಾರೂ ತುಳಿದು ಜಾರಬಾರದೆಂದು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದ.

"ಪೂಜೆ ಆಗೋಯ್ತು ಸಾರ್. ಹತ್ತು ನಿಮಿಷ ಮುಂಚೆ ಬಂದಿದ್ರೆ ಮಾಡ್ಕೊಡ್ತಿದ್ದೆ. ನಾಳೆ ಫಸ್ಟ್ ನಿಮ್ದೇ."

"ಸ್ಪರ್ಧೆ ಇವತ್ತು ಕಣಪ್ಪ."

ರಾಜೇಂದ್ರ ತಲೆ ಕೆರೆದುಕೊಂಡ. "ಸುಂಕದಕಟ್ಟೇಲಿ ಇಮ್ತಿಯಾಜ್ ಭಾಯಿ ಗ್ಯಾರೇಜಿದೆ ನೋಡಿ. ಅವರಿಗೆ ನಮ್ಮ ಪೂಜೆ ಇಲ್ವಲ್ಲ." ಒಂದು ಪೊಟ್ಟಣ ಕಡ್ಲೆಪುರಿ, ಎರಡು ಬಾಳೆಹಣ್ಣು ಸ್ಕೂಟರಿನ ಕೊಕ್ಕೆಗೆ ತಾನೇ ನೇತುಹಾಕಿ ಕಳಿಸಿದ.

ಮಾಗಡಿ ರಸ್ತೆಯ ಬಿಸಿಲು, ಹಬ್ಬದ ಜನ. ಸುಂಕದಕಟ್ಟೆ ತಲುಪುವಾಗ ಬಾಳೆ ಎಲೆ ಬಾಡಿತ್ತು, ಶ್ಯಾಮಸುಂದರ ಅದಕ್ಕಿಂತ ಬಾಡಿದ್ದ. ಗ್ಯಾರೇಜು ನೋಡಿದವನಿಗೆ ಅಳುವೇ ಬಂತು. ಇಡೀ ರಸ್ತೆಯಲ್ಲಿ ಅಷ್ಟು ದೊಡ್ಡ ಅಲಂಕಾರ ಇನ್ನೆಲ್ಲೂ ಇರಲಿಲ್ಲ. ಜ್ಯಾಕಿಗೂ ಹಾರ, ಗಾಳಿ ಹೊಡೆಯುವ ಪಂಪಿಗೂ ಹಾರ.

"ನಮ್ಮ ಹುಡುಗರು ಬೆಳಗ್ಗೆಯಿಂದ ಕಟ್ಟಿದಾರೆ ಸಾರ್," ಎಂದರು ಇಮ್ತಿಯಾಜ್. "ಕುಂಬಳಕಾಯಿ ನಾನೇ ತಂದ್ಕೊಟ್ಟೆ. ಈಗ ಅವರು ಊಟಕ್ಕೆ ಹೋದಾಗ ನಾನು ಪೂಜೆಗಿಟ್ಟ ಪಾನಾ ಎತ್ತಿ ಕೊಟ್ಟೆ ಅಂದ್ರೆ ಅವರಿಗೆ ಬೇಜಾರಾಗಲ್ವಾ? ಕೂತ್ಕೊಳ್ಳಿ, ಮೊದಲು ನೀರು ಕುಡೀರಿ."

ಶ್ಯಾಮಸುಂದರ ಫ್ಯಾನಿನ ಕೆಳಗೆ ಕೂತು, ಮಗಳು, ಏರು, ತಳ್ಳೋಗಾಡಿ ಎಲ್ಲವನ್ನೂ ಹೇಳಿಕೊಂಡ. ಇಮ್ತಿಯಾಜ್ ಕೇಳಿ ಸುಮ್ಮನಿರಲಿಲ್ಲ. ಊಟಕ್ಕೆ ಕೂತಿದ್ದ ಹಾರ್ಡ್‌ವೇರ್ ಅಂಗಡಿಯವನಿಗೆ ಫೋನು ಮಾಡಿ, "ಯಾರೋ ಹೆಣ್ಣುಮಗೂಗೆ ಬೇಕಂತೆ, ಒಂದು ನಿಮಿಷ ಶಟರ್ ಎತ್ತು ಮಾರಾಯ," ಎಂದರು. ಅವನು ಎಂಜಲು ಕೈಯಲ್ಲೇ ಬಂದು ಎಡಗೈಯಿಂದ ಶಟರ್ ಎತ್ತಿದ. ಹೊಚ್ಚ ಹೊಸ ಆರನೇ ನಂಬರಿನ ಅಲೆನ್ ಕೀ! ಅರಿಶಿನವಿಲ್ಲ, ಕುಂಕುಮವಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಹುಟ್ಟಿದ ಹಾಗೇ ಇತ್ತು. ಜೊತೆಗೆ ಮತ್ತೆರಡು ಪೊಟ್ಟಣ ಕಡ್ಲೆಪುರಿ ಬಂತು.

ಮನೆಯ ಗೇಟಿನಲ್ಲೇ ಶ್ಯಾಮಸುಂದರ ಅದನ್ನು ಎತ್ತಿ ಹಿಡಿದ. "ಸಿಕ್ತು!"

ಅಂಗಳದಲ್ಲಿ ಜಗದಾಂಬತ್ತೆ ತಟ್ಟೆ ಹಿಡಿದು ಪದ್ಮನಾಭರ ಕಾರಿಗೆ ಆರತಿ ಎತ್ತುತ್ತಿದ್ದರು. "ಹೊಸದೇನೋ?"

"ಹೊಸದೇ ಅತ್ತೆ. ಇನ್ನೂ ಕವರಿಂದ ತೆಗೆದಿಲ್ಲ."

"ಹೌದಾ? ಕೊಡು, ನೋಡೋಣ."

ಕೊಟ್ಟ. ದಣಿದ ಮನುಷ್ಯ ಯೋಚಿಸಲಿಲ್ಲ. ಅತ್ತೆ ಕವರು ಬಿಡಿಸಿ, ಕಣ್ಣಿಗೊತ್ತಿಕೊಂಡು, "ಹಬ್ಬದ ದಿನ ಮನೆಗೆ ಹೊಸ ಆಯುಧ ಬರೋದು ಎಂಥ ಶುಭ!" ಎಂದವರೇ ಅದರ ನೆತ್ತಿಗೆ ಕುಂಕುಮ ಇಟ್ಟುಬಿಟ್ಟರು.

ಶ್ಯಾಮಸುಂದರ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೇಧಾ ಬಂದು ಪಕ್ಕದಲ್ಲಿ ಕೂತಳು. ಕೊಕ್ಕೆಯಿಂದ ಒಂದು ಪೊಟ್ಟಣ ಬಿಚ್ಚಿ ಅಪ್ಪನ ಕೈಗೆ ಒಂದಿಷ್ಟು ಕಡ್ಲೆಪುರಿ ಹಾಕಿದಳು. "ಪರವಾಗಿಲ್ಲಪ್ಪ. ಹಳೇ ಸೈಕಲ್ಲಲ್ಲೇ ಹೋಗ್ತೀನಿ."

"ಬೇಡಮ್ಮ," ಎಂದ. ದೂರದಲ್ಲಿ ಮೈಕು ಗೊರಗೊರ ಎಂದಿತು. "ಮಕ್ಕಳೆಲ್ಲ ಬೇವಿನ ಮರದ ಹತ್ತಿರ ಬರಬೇಕು!" ಮುಂದಿನದು ಪಕ್ಕದ ಬೀದಿಯ ಪಟಾಕಿಯಲ್ಲಿ ಮುಳುಗಿಹೋಯಿತು.

ಅಪ್ಪ ಮಗಳ ಮುಖ ನೋಡಿ ಪದ್ಮನಾಭರಿಗೆ ತಡೆಯಲಾಗಲಿಲ್ಲ. ಮೂಗು ಉಜ್ಜಿಕೊಂಡು ಎರಡು ಸಲ ಅಂಗಳ ಸುತ್ತಿ, ನಿಂತರು.

"ಅಮ್ಮಾ, ಶಾಸ್ತ್ರ ಏನು? ಆಯುಧ ಕೆಲಸ ಮಾಡಬಾರದು. ಅಲ್ವಾ?"

"ಮಾಡಬಾರದು."

"ಸೈಕಲ್ಲು ಕೆಲಸ ಮಾಡಬಾರದು ಅಂತೇನಾದ್ರೂ ಇದೆಯಾ?"

ಜಗದಾಂಬತ್ತೆ ಯೋಚಿಸಿದರು. "ಅದೇನೂ ಕೇಳಿಲ್ಲ."

"ಹಾಗಾದ್ರೆ ನಿಮ್ಮ ಕೈಯಿಂದಲೇ ಈ ಕೀನ ಇಲ್ಲಿ ಪ್ರತಿಷ್ಠಾಪನೆ ಮಾಡಿ." ಅಂಗಳದ ಎರಡು ಚಪ್ಪಡಿಗಳ ನಡುವಿನ ಸಂದಿ ತೋರಿಸಿದರು. ಬಗ್ಗಿದ ಗಿಡ್ಡ ತುದಿ ಸಂದಿಯಲ್ಲಿ ಗಟ್ಟಿಯಾಗಿ ಕೂತಿತು. ಉದ್ದನೆಯದು ಊದುಬತ್ತಿಯ ಹಾಗೆ ನೆಟ್ಟಗೆ ನಿಂತಿತು. ಅತ್ತೆ ಬುಡಕ್ಕೊಂದು ಹೂವಿಟ್ಟರು.

"ಏಳಯ್ಯ ಶ್ಯಾಮು. ಕೀ ಸುಮ್ನೆ ನಿಂತಿರಲಿ. ಸೈಕಲ್ ತಿರುಗಲಿ."

ಸೈಕಲ್ಲನ್ನು ತಲೆಕೆಳಗಾಗಿ ಎತ್ತಿದರು. ಹೂವೆತ್ತಿದಂತೆ ಬಂತು, ಇಷ್ಟು ತಿಂಗಳು ಗ್ರಾಂ ಗ್ರಾಂ ಇಳಿಸಿದ್ದು ಸಾರ್ಥಕ ಎನಿಸಿತು ಶ್ಯಾಮಸುಂದರನಿಗೆ. ಬೋಲ್ಟಿನ ತೂತನ್ನು ಕಡ್ಡಿಯ ತಲೆಗೆ ಸರಿಯಾಗಿ ಕೂರಿಸಿದರು. ಪದ್ಮನಾಭ ಹ್ಯಾಂಡಲ್, ಮುಂದಿನ ಚಕ್ರ ಎರಡನ್ನೂ ಒಟ್ಟಿಗೆ ಹಿಡಿದು ನಿಂತಲ್ಲೇ ಗಿರಕಿ ಹೊಡೆದರೆ, ಹಿಂದಿನ ಚಕ್ರ ಹಿಡಿದ ಶ್ಯಾಮಸುಂದರ ಅಂಗಳವಿಡೀ ಸುತ್ತು ಹಾಕಬೇಕಿತ್ತು. ಎದುರು ಮನೆಯ ಅಂಬುಜಾ ಒಗ್ಗರಣೆ ಸೌಟು ಹಿಡಿದೇ ಗೇಟಿಗೆ ಬಂದಳು.

"ಏನಾಗ್ತಿದೆ ಆಂಟಿ?"

"ಗೊತ್ತಿಲ್ಲಮ್ಮ. ಗಂಡಸರು," ಎಂದರು ಅತ್ತೆ. ಮರುಕ್ಷಣವೇ ಕಿರುಚಿದರು. "ಏಯ್! ಎಡಗಡೆಯಿಂದ ಸುತ್ತುತ್ತಾರೇನ್ರೋ? ಅಪಚಾರ! ದೇವರು ಬಲಕ್ಕೆ ಬರಬೇಕು, ಬಲಕ್ಕೆ!"

ಇಬ್ಬರೂ ಬೆಚ್ಚಿ ದಿಕ್ಕು ಬದಲಿಸಿದರು. ಅಲ್ಲಿಯವರೆಗೂ ಇನ್ನಷ್ಟು ಸಡಿಲವಾಗುತ್ತಿದ್ದ ಬೋಲ್ಟು ಕಿರ್ ಎಂದು ಬಿಗಿಯಾಗತೊಡಗಿತು! ಒಂದು ಪ್ರದಕ್ಷಿಣೆ. ಎರಡು. ಮೂರನೆಯದರ ಕೊನೆಗೆ ಸೈಕಲ್ ಮುಂದಕ್ಕೆ ಹೋಗಲೊಲ್ಲೆ ಎಂದಿತು. ಅತ್ತೆ ಎಲ್ಲವನ್ನೂ ನೋಡಿದರು. ಏನು ನಡೆಯಿತೆಂದು ತಿಳಿಯದಷ್ಟು ದಡ್ಡರೇನೂ ಅಲ್ಲ. "ಭಕ್ತಿ ಇದ್ರೆ ಎಲ್ಲ ಸರಿಹೋಗುತ್ತೆ," ಎಂದು ಒಳಗೆ ನಡೆದರು.

ಅಪ್ಪ ಮಗಳು ಓಡಿದರು. ಬೇವಿನ ಮರದ ಬಳಿ ಸುಣ್ಣದ ಗೆರೆಯ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಸಂಘದ ಕಾರ್ಯದರ್ಶಿ ಮುರಳೀಕೃಷ್ಣ ಆಗಲೇ ಸೀಟಿಯನ್ನು ಬಾಯಿಗಿಟ್ಟಿದ್ದ. ಮೇಧಾಳನ್ನು ಕಂಡು ಕೈಯಲ್ಲೇ ಬೇಗ ಬೇಗ ಎಂದು ಕರೆದು ಜಾಗ ಕೊಟ್ಟ. ಅವಳು ಸೈಕಲ್ ಹತ್ತಿದ್ದೇ ತಡ, ಸೀಟಿ ಊದಿದ.

ಮೇಧಾ ಬಾಣದ ಹಾಗೆ ಹೊರಟಳು. ಶ್ಯಾಮಸುಂದರ ಬೆರಗಾಗಿ ನಿಂತ. ಉಳಿದ ಮಕ್ಕಳು ಗೆರೆಯಿಂದ ಅಲುಗಾಡಲೂ ಆಗದೆ, ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ಓಲಾಡುತ್ತಿದ್ದರು. ಹಗುರ ಸೈಕಲ್ಲಿಗೂ ಭಾರದ ಸೈಕಲ್ಲಿಗೂ ಇಷ್ಟೊಂದು ವ್ಯತ್ಯಾಸವೇ!

"ನಿಧಾನ! ನಿಧಾನ ಮೇಧಾ!" ಎಂದು ಜನ ಕೂಗಿದರು. ಬಿದ್ದಾಳೆಂಬ ಕಾಳಜಿ, ಎಷ್ಟು ಒಳ್ಳೆಯ ಜನ ಎಂದುಕೊಂಡ ಶ್ಯಾಮಸುಂದರ. "ಏನೂ ಆಗಲ್ಲ! ತುಳಿ ಮಗಳೇ, ತುಳಿ!" ಎಂದು ಗಂಟಲು ಹರಿಯುವಂತೆ ಕಿರುಚಿದ. ವರ್ಷದ ದಣಿವೆಲ್ಲ ಆ ಒಂದು ಗಳಿಗೆಯಲ್ಲಿ ಇಳಿದು ಹೋಗಿತ್ತು. ಮೇಧಾ ಎದುರಿಗಿದ್ದ ಇನ್ನೊಂದು ಸುಣ್ಣದ ಗೆರೆಯನ್ನು ಗಮನಿಸದೆ ದಾಟಿ, ಟ್ಯಾಂಕಿನ ಏರನ್ನು ಒಂದೇ ಉಸಿರಿಗೆ ಹತ್ತಿ, ಮೇಲೆ ನಿಂತು ಎರಡೂ ಕೈ ಎತ್ತಿದಳು.

ಅವನು ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

ಮುರಳೀಕೃಷ್ಣ ಮೆಲ್ಲಗೆ ಹತ್ತಿರ ಬಂದ. "ಏನ್ ಸಾರ್ ನೀವು, ಗ್ರೂಪಲ್ಲಿ ಹಾಕಿದ್ವಲ್ಲ, ನೋಡ್ಲಿಲ್ವಾ? ಹೋದ ವರ್ಷ ಏರಲ್ಲಿ ಒಂದು ಮಗು ಬಿದ್ದು ಹಲ್ಲು ಮುರ್ಕೊಳ್ತು. ತಾಯಂದಿರೆಲ್ಲ ಗಲಾಟೆ ಮಾಡಿದ್ರು. ಅದಕ್ಕೇ ಈ ಸಲ ಸ್ಲೋ ಸೈಕಲ್ ರೇಸು."

"ಸ್ಲೋ?"

"ಹೂಂ ಸಾರ್. ಕಾಲು ನೆಲಕ್ಕೆ ಊರದೆ ಎಲ್ಲರಿಗಿಂತ ನಿಧಾನವಾಗಿ ಆ ಗೆರೆ ಮುಟ್ಟಿದೋರು ಗೆದ್ದಹಾಗೆ." ತಲೆ ತಗ್ಗಿಸಿ, ತನ್ನದೇ ತಪ್ಪೆಂಬಂತೆ ಹೇಳಿದ. "ನಿಮ್ಮ ಮಗಳೇ ಲಾಸ್ಟು."

ಶ್ಯಾಮಸುಂದರ ಬೇವಿನ ಮರಕ್ಕೆ ಒರಗಿ ಕೂತ. ಯಾರೋ ಪುಣ್ಯಾತ್ಮರು ಕೈಗೊಂದು ಪೊಟ್ಟಣ ಕಡ್ಲೆಪುರಿ ಕೊಟ್ಟರು.

ಮೇಧಾ ಇಳಿಜಾರಿನಲ್ಲಿ ಕೂದಲು ಹಾರಿಸಿಕೊಂಡು ಬಂದಳು. "ಅಪ್ಪಾ, ಮೇಲೆ ತನಕ ಇಳೀಲೇ ಇಲ್ಲ ನಾನು! ನಾನೇ ಫಸ್ಟ್ ಅಲ್ವಾ?"

ಅವನು ನಡೆದದ್ದನ್ನು ಹೇಳಿದ. ಮೇಧಾ ಇನ್ನೂ ಓಲಾಡುತ್ತಿದ್ದ ಮಕ್ಕಳ ಕಡೆ ನೋಡಿದಳು, ಅಪ್ಪನ ಗ್ರೀಸು ಮೆತ್ತಿದ ಕೈ ನೋಡಿದಳು, ತುಟಿ ಕಚ್ಚಿಕೊಂಡಳು. ಆಮೇಲೆ ಅವನ ಪಕ್ಕ ಕೂತು ಪೊಟ್ಟಣಕ್ಕೆ ಕೈ ಹಾಕಿದಳು.

"ಹೋಗ್ಲಿ ಬಿಡಪ್ಪ. ಮುಂದಿನ ವರ್ಷಕ್ಕೆ ಹೇಗೂ ಇದು ನಂಗೆ ಚಿಕ್ಕದಾಗುತ್ತೆ. ಆಗ ಇನ್ನೊಂದು ಮಾಡ್ಕೊಡು. ತುಂಬಾ ಭಾರದ್ದು."

ಶ್ಯಾಮಸುಂದರ ಕಣ್ಣು ಮುಚ್ಚಿಕೊಂಡ. ಹಿಂದಿನಿಂದ ಹೆಗಲ ಮೇಲೊಂದು ಕೈ ಬಿತ್ತು.

"ಯೋಚನೆ ಮಾಡಬೇಡ ಶ್ಯಾಮು," ಎಂದರು ಪದ್ಮನಾಭ, ಉತ್ಸಾಹದಿಂದ. "ನನ್ನ ಹತ್ರ ಒಳ್ಳೇ ಕಬ್ಬಿಣದ ಪೈಪಿದೆ. ನಾಳೆ ಮಂಗಳಾರತಿ ಆದ ತಕ್ಷಣ ಶುರು ಮಾಡೋಣ."